ಗುಡ್ಡೆ ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲು

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಕೆಲಸದಲ್ಲಿರುವವಳು, ಅಮ್ಮನ ತವರು ಕಾಸರಗೋಡಿನ ಪೆರ್ಲದ ಹತ್ರ. ಬದಿಯಡ್ಕ ಪೆರ್ಲ ಮಧ್ಯೆ ಒಳಗೆ ಒಂದು ಜಾಗ ನೋಡಿದ್ದೇವೆ. ಮೇಲೆ ಗುಡ್ಡೆ, ಸ್ವಲ್ಪ ಗೋಡಂಬಿ ಮರ ಬಿಟ್ರೆ ಏನೂ ಮಾಡಿಲ್ಲ, ಕೆಳಗೆ ಹಳೆ ಗದ್ದೆಯಲ್ಲಿ ಅಡಿಕೆ ಇಟ್ಟಿದ್ದಾರೆ. ಬ್ರೋಕರ್ ಹೇಳುವ ಪ್ರಕಾರ 2 ಎಕ್ರೆ ಆಧಾರದಲ್ಲಿ (ಕ್ರಯಪತ್ರದಲ್ಲಿ) ಉಂಟು, ಜೊತೆಗೆ 1 ಎಕ್ರೆ ಕುಮ್ಕಿ ಫ್ರೀ. ತೆರಿಗೆ ರಸೀದಿ ಕಳಿಸಿದ್ದಾರೆ, ಅದರಲ್ಲಿ 0.6475 ಹೆಕ್ಟೇರ್ ಅಂತ ಉಂಟು. ಇ.ಸಿ. (ಋಣಭಾರ ಪತ್ರ) ಕ್ಲಿಯರ್ ಅಂತೆ. ಡಿಸೆಂಬರಲ್ಲಿ ನೋಡ್ಲಿಕ್ಕೆ ಹೋದಾಗ ತೋಡಲ್ಲಿ ಚೆನ್ನಾಗಿ ನೀರಿತ್ತು, ಬೋರ್ ಹೊಡೆದ್ರೆ ಸಿಗ್ತದೆ ಅಂದ್ರು. ದಾರಿ ಪಕ್ಕದವರ ಜಾಗದ ಒಳಗಿಂದ, ಅವ್ರು ಏನೂ ಹೇಳುವುದಿಲ್ಲ ಅಂತೆ. ಮಾರುವವರು ಮೂರು ಜನ ಅಣ್ಣತಮ್ಮಂದಿರು, ತಂಗಿಯರಿಗೆ ಮದುವೆಯಲ್ಲಿ ಕೊಟ್ಟಾಗಿದೆಯಂತೆ. ನನ್ನ ತಮ್ಮ ದುಬೈಯಲ್ಲಿದ್ದಾನೆ, ಅರ್ಧ ಅವನ ಹೆಸರಲ್ಲಿ ಮಾಡುವ ಅಂತ ಇದ್ದೇವೆ. ಕರ್ನಾಟಕದವರಿಗೆ ಕೇರಳದಲ್ಲಿ ಕೃಷಿ ಜಾಗ ತಗೊಳ್ಳಬಹುದಾ? 10 ದಿನದೊಳಗೆ ಅಡ್ವಾನ್ಸ್ ಕೊಡದಿದ್ರೆ ಬೇರೆಯವರಿಗೆ ಕೊಡ್ತೇವೆ ಅಂತಿದ್ದಾರೆ. ಭಯ ಆಗ್ತಾ ಉಂಟು.

ಉತ್ತರ: ನಿಮ್ಮ ಭಯ ಸರಿಯಾದ ಭಯವೇ, ಅದನ್ನು ಬಿಡಬೇಡಿ. ನಾನು ಸರ್ವೆ ಕೆಲಸದಲ್ಲಿ ಇಡೀ ಆಯುಷ್ಯ ಕಳೆದವ, ಈಗ ರಿಟೈರ್ ಆಗಿ ಈ ಭಾಗದಲ್ಲಿ ಜಾಗ ಅಳೆದು ಕೊಡುವುದು, ಹಳೆ ದಾಖಲೆ ಓದಿ ಹೇಳುವುದು ಮಾಡ್ತೇನೆ. ನೀವು ಕಳಿಸಿದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 0.6475 ಹೆಕ್ಟೇರ್. ಇಲ್ಲಿ ಬಾಯಲ್ಲಿ ಎಲ್ಲರೂ ಎಕ್ರೆ, ಸೆಂಟ್ಸ್ ಅಂತಾರೆ, ರಸೀದಿಯಲ್ಲಿ ಬರುವುದು ಹೆಕ್ಟೇರ್ ಮತ್ತು ಆರ್. ಒಂದು ಆರ್ ಅಂದ್ರೆ ಸುಮಾರು 2.47 ಸೆಂಟ್ಸ್, ಹಾಗಾದ್ರೆ ನಿಮ್ಮ 64.75 ಆರ್ ಲೆಕ್ಕ ಹಾಕಿದ್ರೆ ಸರಿಯಾಗಿ 160 ಸೆಂಟ್ಸ್. ಅಂದ್ರೆ 1 ಎಕ್ರೆ 60 ಸೆಂಟ್ಸಿಗೆ ಮಾತ್ರ ತೆರಿಗೆ ಕಟ್ಟಿದ್ದು, ಅವ್ರು ಹೇಳುವ 2 ಎಕ್ರೆಯಲ್ಲಿ 40 ಸೆಂಟ್ಸ್ ಈ ಕಾಗದದಲ್ಲಿ ಇಲ್ಲ. ನನ್ನ ಅಂದಾಜು, ಕೆಳಗಿನ ಗದ್ದೆ ಬೇರೆ ಸರ್ವೆ ನಂಬ್ರದಲ್ಲಿ ಬೇರೆ ತಂಡಪೇರಲ್ಲಿ (ವಿಲ್ಲೇಜ್ ಆಫೀಸಿನ ತೆರಿಗೆ ಖಾತೆಯಲ್ಲಿ) ಇರಬಹುದು, ತೀರಿಹೋದ ಅಜ್ಜನ ಹೆಸರಲ್ಲೇ ಉಳಿದಿರಬಹುದು. ಮೋಸ ಅಂತ ಈಗಲೇ ಹೇಳ್ಲಿಕ್ಕೆ ಆಗುವುದಿಲ್ಲ, ಆದ್ರೆ ಆ 40 ಸೆಂಟ್ಸ್ ಎಲ್ಲಿ ಅಂತ ಗೊತ್ತಾಗದೆ ಒಂದು ರೂಪಾಯಿ ಕೊಡಬಾರದು.

ಕರ್ನಾಟಕದವರ ವಿಷಯ ಬೇಗ ಹೇಳಿ ಮುಗಿಸ್ತೇನೆ. ಕೇರಳದಲ್ಲಿ ಕೃಷಿಕ ಅಂತ ಸರ್ಟಿಫಿಕೇಟ್ ಬೇಕು ಅಂತ ಇಲ್ಲ, ಭಾರತದ ಯಾವ ರಾಜ್ಯದವರೂ ತಗೊಳ್ಳಬಹುದು. ಕರ್ನಾಟಕದಲ್ಲಿ ಮೊದಲು 79ಎ, 79ಬಿ ಅಂತ ನಿರ್ಬಂಧ ಇತ್ತಲ್ಲ, 2020ರಲ್ಲಿ ತೆಗೆದ್ರು, ಆ ನೆನಪಲ್ಲಿ ತುಂಬ ಜನ ಇಲ್ಲಿಯೂ ಹಾಗೇ ಅಂತ ತಿಳ್ಕೊಂಡಿದ್ದಾರೆ. ಇಲ್ಲಿ ಮಿತಿ ಇರುವುದು ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ, ಐದು ಜನರವರೆಗಿನ ಕುಟುಂಬಕ್ಕೆ ಹೆಚ್ಚೆಂದ್ರೆ 15 ಎಕ್ರೆ, ನಿಮಗೆ ಅದು ತಾಗುವುದಿಲ್ಲ.

ತಮ್ಮನ ಹೆಸರು ಮಾತ್ರ ಬೇಡ. ವಿದೇಶದಲ್ಲಿ ನೆಲೆಸಿದ ಭಾರತೀಯ, ಪಾಸ್‌ಪೋರ್ಟ್ ನಮ್ಮದೇ ಆಗಿದ್ರೂ, ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕ್ರಯಕ್ಕೆ ತಗೊಳ್ಳುವ ಹಾಗಿಲ್ಲ, ಇದು ಕೇಂದ್ರದ ಫೆಮಾ, ಅಂದ್ರೆ ವಿದೇಶಿ ವಿನಿಮಯದ ಕಾನೂನು. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದ್ರೆ ಇಟ್ಟುಕೊಳ್ಳಬಹುದು, ಖರೀದಿ ಆಗುವುದಿಲ್ಲ. ನಮ್ಮ ಊರಲ್ಲಿ ಮನೆಗೊಬ್ಬರು ಗಲ್ಫಲ್ಲಿ ಇರುವ ಕಾರಣ ಈ ತಪ್ಪು ಎಷ್ಟೋ ಕಡೆ ಆಗಿಯಾಗಿದೆ, ಆಧಾರ ಆಗುವಾಗ ಯಾರೂ ಕೇಳುವುದಿಲ್ಲ, ನಂತರ ಮಾರುವಾಗಲೋ ಹಣ ಆಚೆ ತಗೊಂಡು ಹೋಗುವಾಗಲೋ ಸಿಕ್ಕಿಬೀಳ್ತದೆ, ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹಾಕಬಹುದು. ತಮ್ಮ ನಿಮಗೆ ಬ್ಯಾಂಕ್ ಮೂಲಕ ಗಿಫ್ಟ್ ಅಂತ ಹಣ ಕೊಡಬಹುದು, ಜಾಗ ನಿಮ್ಮದೊಬ್ಬರದೇ ಹೆಸರಲ್ಲಿ ಆಗ್ತದೆ, ಆದ್ರೆ ಆಮೇಲೆ ಅದು ಕಾನೂನು ಪ್ರಕಾರ ನಿಮ್ಮದೇ, ಅವನದ್ದಲ್ಲ. ಇದನ್ನು ಅಕ್ಕ ತಮ್ಮ ಈಗಲೇ ಕೂತು ಮಾತಾಡಿಕೊಳ್ಳಿ.

ಈಗ ಕುಮ್ಕಿ. ಇದೊಂದು ನಮ್ಮ ಕಡೆಗೇ ಇರುವ ವಿಷಯ, ಬೆಂಗಳೂರಿನ ವಕೀಲರಿಗೆ ಕೇಳಿದ್ರೆ ಗೊತ್ತಿರುವುದಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಅದಕ್ಕೆ ಮೊದಲೆಲ್ಲ ಮದ್ರಾಸಿನ ಕೆಳಗೆ. ಆ ಕಾಲದಲ್ಲಿ ವರ್ಗ ಜಾಗದ, ಅಂದ್ರೆ ತೆರಿಗೆ ಕಟ್ಟುವ ಪಟ್ಟೆ ಜಾಗದ, ಗದ್ದೆ ತೋಟಕ್ಕೆ ಸೊಪ್ಪು ಬೇಕು, ದನ ಮೇಯಬೇಕು, ನೇಗಿಲಿಗೆ ಮರ ಬೇಕು, ಅದಕ್ಕೋಸ್ಕರ ವರ್ಗದ ಸುತ್ತ 100 ಗಜದೊಳಗಿನ ಸರಕಾರಿ ಗುಡ್ಡೆಯಲ್ಲಿ ಆ ರೈತನಿಗೆ ಒಂದು ಸವಲತ್ತು ಕೊಟ್ಟರು. ಸವಲತ್ತು ಮಾತ್ರ, ಜಾಗ ಸರಕಾರದ್ದೇ. ಆದ್ದರಿಂದ ಕುಮ್ಕಿಯನ್ನು ಮಾರ್ಲಿಕ್ಕೆ ಆಗುವುದಿಲ್ಲ, ಆಧಾರದಲ್ಲಿ ಬರೆಸ್ಲಿಕ್ಕೆ ಆಗುವುದಿಲ್ಲ, ಬ್ಯಾಂಕ್ ಲೋನ್ ಬರುವುದಿಲ್ಲ. "ಫ್ರೀ" ಅಂತ ಹೇಳಿದ್ರೂ ಸೆಂಟ್ಸಿನ ರೇಟಲ್ಲಿ ಅದರ ಬೆಲೆ ಸೇರಿಸಿಯೇ ಹೇಳಿರ್ತಾರೆ. ಒಬ್ಬರು ಹೀಗೇ ತಗೊಂಡು ಕುಮ್ಕಿಯಲ್ಲಿ ಶೆಡ್ ಹಾಕಿ, ಅಡಿಕೆ ಇಟ್ಟು, ಡ್ರಿಪ್ ಎಳೆದು, ಐದು ವರ್ಷ ಆದ ಮೇಲೆ ಅಳತೆಗೆ ನನ್ನನ್ನು ಕರೆದ್ರು, ಗಡಿಕಲ್ಲು ಹುಡುಕಿ ಚೈನ್ ಹಿಡಿದಾಗ ಅವರ ಶೆಡ್ಡೂ ಮುಕ್ಕಾಲು ಪಾಲು ಅಡಿಕೆಯೂ ಹೊರಗೆ. ಆ ಹೆಂಗಸು ಅಲ್ಲೇ ಕಟ್ಟೆಯಲ್ಲಿ ಕೂತು ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಸರಕಾರದ ಜಾಗದಲ್ಲಿ ಅನುಭೋಗದ ಹಕ್ಕು ಸಾಧಿಸ್ಬೇಕಾದ್ರೆ 30 ವರ್ಷ, ಅದೂ ಕೋರ್ಟಲ್ಲಿ, ಅದನ್ನು ನಂಬಿ ಯಾರೂ ಹಣ ಹಾಕಬಾರದು. ನೀವು ರೇಟ್ ಮಾತಾಡುವಾಗ ಕುಮ್ಕಿ ಇಲ್ಲವೇ ಇಲ್ಲ ಅಂತ ತಿಳ್ಕೊಂಡು ಮಾತಾಡಿ.

ತೆರಿಗೆ ರಸೀದಿ ಇದ್ರೆ ಜಾಗ ಅವರದ್ದೇ ಅನ್ನುವುದು ನಮ್ಮಲ್ಲಿ ಬೇರು ಬಿಟ್ಟ ತಪ್ಪು ಕಲ್ಪನೆ. ರಸೀದಿ ಹೇಳುವುದು ತೆರಿಗೆ ಯಾರು ಕಟ್ಟಿದ್ದಾರೆ ಅಂತ ಮಾತ್ರ. ಪೋಕುವರವು, ಅಂದ್ರೆ ವಿಲ್ಲೇಜ್ ಆಫೀಸಲ್ಲಿ ಹೆಸರು ಬದಲಾಯಿಸುವುದು, 1966ರ ನಿಯಮದ ಪ್ರಕಾರ ನಡೆಯುವ ವ್ಯವಸ್ಥೆ, ಅದು ತೆರಿಗೆ ವಸೂಲಿಗೋಸ್ಕರ ಇರುವುದು, ಹಕ್ಕು ಕೊಡುವುದಕ್ಕಲ್ಲ. ಹಕ್ಕು ಬರುವುದು ಆಧಾರದಿಂದ, ಅದರ ಹಿಂದಿನ ಆಧಾರದಿಂದ, ಹೀಗೆ ಹಿಂದೆ ಹಿಂದೆ ಹೋಗಿ ಒಂದು ಬುಡ ಸಿಗಬೇಕು. ಇಲ್ಲಿನ ಹೆಚ್ಚಿನ ಜಾಗಕ್ಕೆ ಆ ಬುಡ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟ್. 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯ್ತು, ಒಕ್ಕಲಿನವರು ಅರ್ಜಿ ಹಾಕಿ ಪಟ್ಟಯ (ಹಕ್ಕುಪತ್ರ) ಮಾಡಿಸ್ಕೊಂಡ್ರು, ಅದರಲ್ಲಿ ಬರೆದ ವಿಸ್ತೀರ್ಣ, ಚೆಕ್ಕುಬಂದಿ ಏನು ಅಂತ ನೋಡ್ಬೇಕು. ಅದೇ ಸರಕಾರ ಪತಿಚ್ಚು ಕೊಟ್ಟ, ಅಂದ್ರೆ ತನ್ನ ಜಾಗ ಮಂಜೂರು ಮಾಡಿದ, ಪಟ್ಟಯ ಆದ್ರೆ ಇಷ್ಟು ವರ್ಷ ಮಾರಬಾರದು, ಕೃಷಿ ಮನೆಗೆ ಮಾತ್ರ ಅಂತ ಷರತ್ತು ಇರ್ತದೆ, ಆ ಹಾಳೆಯ ಹಿಂಬದಿಯನ್ನೂ ಓದಿಸಿ.

ಇ.ಸಿ.ಯೂ ಹಾಗೇ. ಅದು ನೀವು ಯಾವ ನಂಬ್ರಕ್ಕೆ, ಎಷ್ಟು ವರ್ಷಕ್ಕೆ ಅರ್ಜಿ ಹಾಕಿದ್ರೋ ಅಷ್ಟಕ್ಕೆ ರಿಜಿಸ್ಟರ್ ಆದದ್ದನ್ನು ತೋರಿಸ್ತದೆ. ರೀಸರ್ವೆ ಆದ ಊರಲ್ಲಿ ಹಳೆ ನಂಬ್ರ ಹೋಗಿ ಬ್ಲಾಕ್ ಮತ್ತು ಹೊಸ ನಂಬ್ರ ಬಂದಿರ್ತದೆ, ಹೊಸ ನಂಬ್ರಕ್ಕೆ ಮಾತ್ರ ತೆಗೆದ್ರೆ ಹಳೆಯ ಕ್ರಯ, ಹಳೆಯ ಅಡವು (ಅಡಮಾನ) ಯಾವುದೂ ಕಾಣುವುದಿಲ್ಲ, ಕ್ಲಿಯರ್ ಅಂತ ಬರ್ತದೆ. ಎರಡೂ ನಂಬ್ರಕ್ಕೆ, ಕಡಿಮೆಯಲ್ಲಿ 30 ವರ್ಷಕ್ಕೆ ತೆಗೆಸಿ. ಸಹಕಾರಿ ಬ್ಯಾಂಕಿನ ಸಾಲ ಇದ್ರೆ ಗಹಾನ್, ಅಂದ್ರೆ ಆ ಬ್ಯಾಂಕಿನ ಅಡವು, ಅಂತ ಬಂದಿರ್ತದೆ. ರಿಜಿಸ್ಟರ್ ಆಗದ ಮರಣಶಾಸನ, ನಡೀತಾ ಇರುವ ಕೇಸು, ಎಲ್ಲೋ ಬ್ಯಾಂಕಲ್ಲಿ ಆಧಾರ ಇಟ್ಟು ತಂದ ಸಾಲ, ಇದೆಲ್ಲ ಇ.ಸಿ.ಯಲ್ಲಿ ಬರಲೇಬೇಕು ಅಂತ ಇಲ್ಲ. ಅದಕ್ಕೇ ಮೂಲ ಆಧಾರವನ್ನೇ ಕೈಯಲ್ಲಿ ಹಿಡಿದು ನೋಡ್ಬೇಕು, ಜೆರಾಕ್ಸ್ ಸಾಲದು. ಮೂಲ ಎಲ್ಲಿ ಅಂತ ಕೇಳಿದಾಗ ಮಾತು ತಡವರಿಸಿದ್ರೆ ನಿಮಗೆ ಉತ್ತರ ಸಿಕ್ಕಿಯಾಯ್ತು.

ಹಳೆ ಆಧಾರ ಕನ್ನಡದಲ್ಲಿರ್ತದೆ, ಅದು ನಿಮಗೆ ಅನುಕೂಲ. ಮೋಡಿ ಅಕ್ಷರದ ಹಾಗೆ ಕೂಡಿಸಿ ಬರೆದಿರ್ತಾರೆ, ತಾಳ್ಮೆಯಿಂದ ಓದಿದ್ರೆ ಅರ್ಥ ಆಗ್ತದೆ. ನಂಜ ಅಂದ್ರೆ ನೀರಿನ ಗದ್ದೆ, ಪುಂಜ ಅಂದ್ರೆ ಖುಷ್ಕಿ, ಬಾಗಾಯ್ತು ಅಂದ್ರೆ ತೋಟ. ಇಲ್ಲೊಂದು ಎಡವಟ್ಟು ಉಂಟು, ಮಲಯಾಳದಲ್ಲಿ ಪುಂಜ ಅಂದ್ರೆ ಭತ್ತದ ಬೆಳೆ, ನಮ್ಮ ಹಳೆ ದಾಖಲೆಯ ಪುಂಜ ಒಣಜಾಗ, ತೆಂಕಣದಿಂದ ಬಂದವರು ಓದಿದ್ರೆ ಉಲ್ಟಾ ಆಗಬಹುದು. ಹೊಸ ಆಧಾರ ಮಲಯಾಳದಲ್ಲಿ ಬರೆದ್ರೆ ಸಹಿ ಹಾಕುವ ಮೊದಲು ಪ್ರತಿ ಸಾಲೂ ನಿಮಗೆ ಗೊತ್ತಿರುವ ಭಾಷೆಯಲ್ಲಿ ಓದಿಸಿ ಕೇಳಿ, ಅದು ನಿಮ್ಮ ಹಕ್ಕು, ನಾಚಿಕೆ ಪಡ್ಬೇಡಿ.

ಕೆಳಗಿನ ಗದ್ದೆಯ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ನಿಮ್ಮ ಜಾಗದಲ್ಲಿ ದೊಡ್ಡ ಕಗ್ಗಂಟು ಅಲ್ಲೇ ಇರುವುದು. ನೋಡ್ಲಿಕ್ಕೆ ಅಡಿಕೆ ತೋಟ, ಆದ್ರೆ ವಿಲ್ಲೇಜ್ ಆಫೀಸಿನ ಬೇಸಿಕ್ ಟ್ಯಾಕ್ಸ್ ರಿಜಿಸ್ಟರಲ್ಲಿ "ನಿಲಂ" ಅಂತ ಇದ್ರೆ ಅದು ಕಾನೂನಿಗೆ ಗದ್ದೆಯೇ. 2008ರಲ್ಲಿ ಗದ್ದೆ ಮತ್ತು ಜೌಗು ಸಂರಕ್ಷಣೆಯ ಕಾನೂನು ಬಂತು, ಆ ವರ್ಷ ಆಗಸ್ಟ್ 12ರಿಂದ ಜಾರಿ, ಪ್ರತಿ ಪಂಚಾಯತಿಗೆ ಡೇಟಾ ಬ್ಯಾಂಕ್ ಅಂತ ಉಳಿಸ್ಬೇಕಾದ ಗದ್ದೆಗಳ ಒಂದು ಪಟ್ಟಿ ಮಾಡಿದ್ರು. ಅದರೊಳಗೆ ಇದ್ರೆ ಮಣ್ಣು ತುಂಬಿಸ್ಲಿಕ್ಕೆ ಇಲ್ಲ, ಮನೆ ಕಟ್ಟ್ಲಿಕ್ಕೆ ಇಲ್ಲ. ಬೇರೆ ಜಾಗವೇ ಇಲ್ಲದ ಗದ್ದೆಯ ಮಾಲೀಕನಿಗೆ ಪಂಚಾಯತಿಯಲ್ಲಿ 10 ಸೆಂಟ್ಸಲ್ಲಿ ಮನೆಗೆ ಅವಕಾಶ ಉಂಟು, ಅದನ್ನು ತೋರಿಸಿ ಬ್ರೋಕರುಗಳು ಹೊರಗಿನವರಿಗೆ ಮಾರ್ತಾರೆ, ಮೇಲೆ ಗುಡ್ಡೆ ಇರುವ ನಿಮಗೆ ಅದು ಸಿಗುವುದಿಲ್ಲ. ಮೂರು ರೀತಿ ಇರಬಹುದು. ರಿಜಿಸ್ಟರಲ್ಲೇ ಪುರಯಿಡಂ (ಗದ್ದೆ ಅಲ್ಲದ ಒಣಜಾಗ) ಅಥವಾ ತೋಟ ಅಂತ ಇದ್ರೆ ಚಿಂತೆ ಇಲ್ಲ. ನಿಲಂ ಅಂತ ಇದ್ದು ಡೇಟಾ ಬ್ಯಾಂಕಲ್ಲಿ ಇಲ್ಲದಿದ್ರೆ 2018ರ ತಿದ್ದುಪಡಿ ಪ್ರಕಾರ ಆರ್‌ಡಿಓಗೆ (ಕಂದಾಯ ವಿಭಾಗದ ಅಧಿಕಾರಿಗೆ) ಅರ್ಜಿ ಹಾಕಿ ಸ್ವಭಾವ ಬದಲಾಯಿಸಬಹುದು, 50 ಸೆಂಟ್ಸ್‌ವರೆಗೆ ಫಾರ್ಮ್ 6, ಅದಕ್ಕೆ ಮೇಲೆ ಫಾರ್ಮ್ 7, ದೊಡ್ಡ ಜಾಗಕ್ಕೆ 10 ಶೇಕಡಾ ನೀರಿಂಗಿಸ್ಲಿಕ್ಕೆ ಬಿಡಬೇಕು, ಶುಲ್ಕದ ಲೆಕ್ಕ ಫೇರ್ ವ್ಯಾಲ್ಯೂ, ಅಂದ್ರೆ ಸರಕಾರ ನಿಗದಿ ಮಾಡಿದ ಬೆಲೆ, ಮೇಲೆ. 2008ಕ್ಕೆ ಮೊದಲೇ ಅಡಿಕೆ ಇಟ್ಟದ್ದು, ತಪ್ಪಿ ಡೇಟಾ ಬ್ಯಾಂಕಿಗೆ ಸೇರಿದ್ರೆ ಅದರಿಂದ ತೆಗೆಸ್ಲಿಕ್ಕೆ ಫಾರ್ಮ್ 5, ಕೃಷಿ ಭವನದ ವರದಿ, ಬೇಕಾದ್ರೆ ಹಳೆ ಉಪಗ್ರಹ ಚಿತ್ರದ ರಿಪೋರ್ಟ್. ನಮ್ಮ ಕಡೆ 1980, 90ರಲ್ಲೇ ಎಷ್ಟೋ ಗದ್ದೆ ಅಡಿಕೆ ತೋಟ ಆಗಿದೆ, ಮರದ ಗಾತ್ರ ನೋಡಿದ್ರೆ ನಮಗೆ ಗೊತ್ತಾಗ್ತದೆ, ಆದ್ರೂ ಕಾಗದದಲ್ಲಿ ಅದನ್ನು ಸಾಬೀತು ಮಾಡುವುದು ಸಮಯ ತಿನ್ನುವ ಕೆಲಸ. ಈ ಅರ್ಜಿ ಮಾರುವವರೇ ಹಾಕಿ ಆರ್ಡರ್ ತಂದು ಕೊಡಲಿ. "ನೀವು ತಗೊಂಡ ಮೇಲೆ ಮಾಡಿಸ್ಕೊಳ್ಳಿ, ಸುಲಭ" ಅಂತ ಹೇಳಿದ್ರೆ ಅಷ್ಟು ಸುಲಭ ಆದ್ರೆ ಅವರೇ ಮಾಡಿಸಲಿ ಅಂತ ಹೇಳಿ.

ಕೃಷಿ ಮಾತ್ರ ಮಾಡುವುದಾದ್ರೆ, ಇದ್ದ ಅಡಿಕೆಯನ್ನೇ ನೋಡಿಕೊಳ್ಳುವುದಾದ್ರೆ, ಗದ್ದೆ ಗದ್ದೆ ಅಂತಲೇ ತಗೊಂಡ್ರೂ ತೊಂದರೆ ಇಲ್ಲ, ಆದ್ರೆ ಗದ್ದೆಯ ರೇಟ್ ಕೊಡಿ, ಮನೆ ಜಾಗದ ರೇಟಲ್ಲ.

ತಂಗಿಯರ ಸಹಿ ಬೇಕೇ ಬೇಕು. ಮದುವೆಗೆ ಚಿನ್ನ ಕೊಟ್ಟದ್ದು, ಖರ್ಚು ಮಾಡಿದ್ದು ಜಾಗದ ಪಾಲನ್ನು ಕಳೆಯುವುದಿಲ್ಲ. ನಮ್ಮ ಕಡೆ ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಬರುವ) ಮನೆತನ ಉಂಟು, ಮಕ್ಕಳಕಟ್ಟಿನವರು (ತಂದೆಯಿಂದ ಬರುವವರು) ಇದ್ದಾರೆ, 1976ರ ಡಿಸೆಂಬರ್ 1ರಿಂದ ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯೇ ರದ್ದಾಯ್ತು, ಆ ದಿನ ಕುಟುಂಬದ ಆಸ್ತಿಯಲ್ಲಿ ಹಕ್ಕಿದ್ದವರಿಗೆ ಬೇರೆ ಬೇರೆ ಪಾಲು ಬಂತು. ಅಳಿಯಕಟ್ಟಿನ ಕುಟುಂಬದಲ್ಲಿ ಅಂಥ ಪಾಲು ಗಂಡಸರ ಜೊತೆ ಹೆಣ್ಮಕ್ಕಳಿಗೂ, ಅವರ ಮಕ್ಕಳಿಗೂ ಉಂಟು. ನಂತರ ಪಾಲುಪಟ್ಟಿ ಆಗಿದೆಯಾ, ಅದರಲ್ಲಿ ಈ ನಂಬ್ರ ಯಾರಿಗೆ ಬಂದಿದೆ, ನೋಡ್ಬೇಕು. ಆಗದಿದ್ರೆ ವಾರೀಸು ಸರ್ಟಿಫಿಕೇಟ್ ತೆಗೆಸಿ ಎಲ್ಲರೂ ಆಧಾರಕ್ಕೆ ಸಹಿ ಹಾಕ್ಲಿ ಅಥವಾ ತಂಗಿಯರು ಹಕ್ಕು ಬಿಟ್ಟುಕೊಟ್ಟ ರಿಜಿಸ್ಟರ್ಡ್ ಪತ್ರ ತೋರಿಸ್ಲಿ. ಪಾಲುದಾರರಲ್ಲಿ ಯಾರಾದ್ರೂ ತೀರಿಹೋಗಿ ಚಿಕ್ಕ ಮಕ್ಕಳಿದ್ರೆ ಆ ಮಕ್ಕಳ ಪಾಲು ಮಾರ್ಲಿಕ್ಕೆ ಕೋರ್ಟಿನ ಅನುಮತಿ ಬೇಕು, ಇಲ್ಲದಿದ್ರೆ ಅವ್ರು ದೊಡ್ಡವರಾದ ಮೇಲೆ 3 ವರ್ಷದೊಳಗೆ ಬಂದು ರದ್ದು ಮಾಡಿಸಬಹುದು. ಅಣ್ಣ ಗಲ್ಫಲ್ಲಿ ಇದ್ದಾನೆ, ಪವರ್ (ಅವನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಉಂಟು ಅಂದ್ರೆ ಆ ಪವರ್ ಈಗಲೂ ಜೀವಂತ ಉಂಟಾ, ಮಾರುವ ಅಧಿಕಾರ ಬರೆದಿದೆಯಾ ಅಂತ ನೋಡಿ, ಒಂದು ವಿಡಿಯೋ ಕಾಲ್ ಮಾಡಿ ಅವರ ಬಾಯಿಂದಲೇ ಕೇಳಿ.

ದಾರಿ. ಪಕ್ಕದವರು ಏನೂ ಹೇಳುವುದಿಲ್ಲ ಅನ್ನುವುದು ಈಗಿನ ಪಕ್ಕದವರ ಮಾತು. ಅವರ ಮಗ ನಾಳೆ ಗೇಟ್ ಹಾಕಿದ್ರೆ? 20 ವರ್ಷ ಯಾರ ಅಪ್ಪಣೆಯೂ ಇಲ್ಲದೆ ಹಕ್ಕಿನ ಹಾಗೆ ನಡೆದಾಡಿದ್ರೆ ಕಾನೂನು ಹಕ್ಕು ಒಪ್ಪುತ್ತದೆ, ಅಪ್ಪಣೆ ಕೇಳಿ ನಡೆದದ್ದಾದ್ರೆ ಒಪ್ಪುವುದಿಲ್ಲ, ಮತ್ತೆ ಕಾಲುದಾರಿಯ ಹಕ್ಕು ಜೀಪಿನ ಹಕ್ಕು ಆಗುವುದಿಲ್ಲ. ಪಂಚಾಯತಿಯ ಆಸ್ತಿ ರಿಜಿಸ್ಟರಲ್ಲಿ ಆ ರೋಡ್ ಉಂಟಾ ಕೇಳಿ, ಇಲ್ಲದಿದ್ರೆ ಪಕ್ಕದವರ ಹತ್ರ ಇಷ್ಟು ಅಡಿ ಅಗಲ ಅಂತ ಬರೆಸಿ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಅವ್ರು ಸ್ವಲ್ಪ ಹಣ ಕೇಳಿದ್ರೂ ಕೊಡಿ, ಅದು ನಷ್ಟ ಅಲ್ಲ. ಹಾಗೆಯೇ ನಿಮ್ಮ ಜಾಗದೊಳಗೆ ಬೇರೆಯವರ ಹಕ್ಕು ಉಂಟಾ ಅಂತಲೂ ನೋಡಿ, ಮೂಲೆಯಲ್ಲಿ ನಾಗಬನ ಇದ್ದು ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಬರುವುದು ಇರ್ತದೆ, ಆ ದಾರಿ ಮುಚ್ಚ್ಲಿಕ್ಕೆ ಆಗುವುದಿಲ್ಲ, ಮುಚ್ಚುವ ಮನಸ್ಸೂ ಬೇಡ.

ಇನ್ನು ನೀರು. ಡಿಸೆಂಬರಲ್ಲಿ ತೋಡಲ್ಲಿ ನೀರು ನೋಡಿ ಜಾಗ ತಗೊಂಡವರನ್ನು ನಾನು ಏಪ್ರಿಲಲ್ಲಿ ಟ್ಯಾಂಕರ್ ಕಾಯುತ್ತಾ ನಿಂತದ್ದು ನೋಡಿದ್ದೇನೆ. ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬರ್ತದೆ, ಆದ್ರೆ ಮೇಲಿರುವುದು ಮುರಕಲ್ಲು, ತೂತು ತೂತು, ಇಂಗಿದ ನೀರು ಇಳಿಜಾರಲ್ಲಿ ಕೆಳಗೆ ಇಳಿದು ತೋಡು ಸೇರಿ ಕಡಲಿಗೆ ಹೋಗ್ತದೆ, ಪದವಿನ (ಗುಡ್ಡೆಯ ಸಮತಟ್ಟಿನ) ಮೇಲೆ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಗುಡ್ಡೆಗೆ ಅಡ್ಡವಾಗಿ ಸುರಂಗ ಕೊರೆದದ್ದು, ಬಾಯಾರು, ಶೇಣಿ ಕಡೆ ಈಗಲೂ ಸುರಂಗದ ನೀರಲ್ಲೇ ತೋಟ ಮಾಡುವವರಿದ್ದಾರೆ, ಏತಡ್ಕದಲ್ಲಿ ಪ್ರತಿ ವರ್ಷ ತೋಡಿಗೆ ಕಟ್ಟ (ಒಡ್ಡು) ಕಟ್ಟಿ ನೀರು ನಿಲ್ಲಿಸ್ತಾರೆ. ನಿಮ್ಮ ಗುಡ್ಡೆಯ ಬುಡದಲ್ಲಿ ಸುರಂಗ ಉಂಟಾ, ಅದರ ನೀರು ಯಾರಿಗೆಲ್ಲ ಪಾಲು ಅಂತ ವಿಚಾರಿಸಿ. ಬೋರ್ ಹೊಡೆದ್ರೆ ಸಿಗ್ತದೆ ಅನ್ನುವುದು ಯಾರೂ ಬರೆದು ಕೊಡದ ಮಾತು, ಮತ್ತೆ ಸುರಂಗದ ಮೇಲ್ಗಡೆ ಬೋರ್ ಕೊರೆದು ಕೆಳಗಿನ ನಾಲ್ಕು ಮನೆಯ ನೀರು ಹೋದ್ರೆ ಆ ಊರಲ್ಲಿ ನಿಮಗೆ ನೆಮ್ಮದಿ ಇರುವುದಿಲ್ಲ. ಏಪ್ರಿಲ್ ಕೊನೆಗೆ ಒಮ್ಮೆ ಹೋಗಿ, ಬ್ರೋಕರನ್ನು ಬಿಟ್ಟು ಹೋಗಿ, ಕೆಳಗಿನ ಮನೆಯವರ ಬಾವಿ ಬಗ್ಗಿ ನೋಡಿ, ಮನೆಯ ಹೆಂಗಸರ ಹತ್ರ ಕೇಳಿ, ನೀರಿನ ವಿಷಯ ಅವರಷ್ಟು ಸತ್ಯ ಯಾರೂ ಹೇಳುವುದಿಲ್ಲ. ಜುಲೈಯಲ್ಲಿ ಇನ್ನೊಮ್ಮೆ ಹೋದ್ರೆ ಮಳೆನೀರು ಎಲ್ಲಿ ಹರಿದು ಬರ್ತದೆ ಅಂತಲೂ ಕಾಣ್ತದೆ. ಗುಡ್ಡೆ ಮೇಲೆ ಸಮತಟ್ಟಾದ ಹೊಸ ಮಣ್ಣು ಕಂಡ್ರೆ ಹಳೆಯ ಕಲ್ಲಿನ ಕೋರೆ ಮುಚ್ಚಿದ್ದಾ ಕೇಳಿ, ಅದರ ಮೇಲೆ ಮನೆ ಕಟ್ಟಿದ್ರೆ ಕುಸಿಯುತ್ತದೆ. ಮುಳ್ಳೇರಿಯ, ಕಾರಡ್ಕ, ದೇಲಂಪಾಡಿ ಕಡೆ ಜಾಗ ನೋಡುವವರು ಆನೆ ಬರುವುದನ್ನೂ, ಕಾಡಿನ ಗಡಿ ಎಷ್ಟು ದೂರ ಅಂತಲೂ ವಿಚಾರಿಸಬೇಕು.

ಹಾಗಾದ್ರೆ ಏನು ಮಾಡುವುದು. ಒಂದು ದಾರಿ, ಗದ್ದೆ ಬಿಟ್ಟು ಗುಡ್ಡೆಯ 1 ಎಕ್ರೆ 60 ಸೆಂಟ್ಸ್ ಮಾತ್ರ ತಗೊಳ್ಳುವುದು, ತಲೆನೋವು ಕಡಿಮೆ, ಆದ್ರೆ ನೀರು ಕೆಳಗಿನವರ ಕೈಯಲ್ಲಿ ಉಳೀತದೆ, ಅದು ಸಣ್ಣ ವಿಷಯ ಅಲ್ಲ. ಇನ್ನೊಂದು, ಪೂರ್ತಿ ತಗೊಳ್ಳುವ ಕರಾರು ಮಾಡಿ, ಗದ್ದೆಯ ಆರ್ಡರ್, ತಂಗಿಯರ ಸಹಿ, ದಾರಿಯ ಪತ್ರ, ಅಳತೆ, ಇಷ್ಟೂ ಆದ ಮೇಲೆ ಆಧಾರ, ಯಾವುದಾದ್ರೂ ಆಗದಿದ್ರೆ ಅಡ್ವಾನ್ಸ್ ವಾಪಸ್ ಅಂತ ಸ್ಪಷ್ಟ ಬರೆಸುವುದು, 6 ತಿಂಗಳ ಅವಧಿ ಇಡುವುದು. ನಾನಾದ್ರೆ ಇದನ್ನೇ ಮಾಡ್ತೇನೆ. ಅಪಾಯ ಏನಂದ್ರೆ ಅವ್ರು ಅಡ್ವಾನ್ಸ್ ಖರ್ಚು ಮಾಡಿಬಿಟ್ರೆ ವಾಪಸ್ ಬರ್ಲಿಕ್ಕೆ ಕೇಸು ಬೇಕಾಗ್ತದೆ, ಹಾಗಾಗಿ ಕಳಕೊಂಡ್ರೆ ತಡೆಯುವಷ್ಟೇ ಕೊಡಿ, ಬ್ಯಾಂಕ್ ಮೂಲಕವೇ ಕೊಡಿ, ಜಾಗದ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಮೇಲೆ ನಗದಾಗಿ ತಗೊಂಡ್ರೆ ತಗೊಂಡವರಿಗೆ ಅಷ್ಟೇ ದಂಡ. ಸದ್ಯ ಲೀಸಿಗೆ ತಗೊಂಡು ಆಮೇಲೆ ನೋಡುವ ಅಂತ ಕೆಲವರು ಸಲಹೆ ಕೊಡ್ತಾರೆ, ಕೇರಳದಲ್ಲಿ ಭೂಸುಧಾರಣೆ ಕಾನೂನು ಹೊಸ ಗೇಣಿಯನ್ನೇ ನಿಷೇಧಿಸಿದೆ, ಆ ಕಾಗದ ಕೋರ್ಟಲ್ಲಿ ನಿಲ್ಲುವುದು ಕಷ್ಟ.

ಖರ್ಚನ್ನೂ ಲೆಕ್ಕದಲ್ಲಿ ಇಡಿ. ಇಲ್ಲಿ ಮುದ್ರಾಂಕ ಶುಲ್ಕ 8 ಶೇಕಡಾ, ರಿಜಿಸ್ಟ್ರೇಷನ್ 2 ಶೇಕಡಾ, 20 ಲಕ್ಷದ ಜಾಗಕ್ಕೆ 2 ಲಕ್ಷ ಅಲ್ಲೇ ಹೋಯ್ತು. ಅದನ್ನು ಉಳಿಸ್ಲಿಕ್ಕೆ ಆಧಾರದಲ್ಲಿ ಕಡಿಮೆ ತೋರಿಸುವ ಅಂತ ಹೇಳ್ತಾರೆ, ಬೇಡ, ನಾಳೆ ಏನಾದ್ರೂ ತಕರಾರು ಬಂದ್ರೆ ನಿಮಗೆ ವಾಪಸ್ ಕೇಳ್ಲಿಕ್ಕೆ ಆಗುವುದು ಆಧಾರದಲ್ಲಿ ಬರೆದಷ್ಟೇ.

10 ದಿನದ ಗಡುವಿಗೆ ಹೆದರಬೇಡಿ, ಬೇರೆ ಗಿರಾಕಿ ಇದ್ರೆ ಅವರಿಗೂ ಇದೇ 40 ಸೆಂಟ್ಸ್ ಕಾಣೆಯಾಗ್ತದೆ. ಮೊದಲು ಗದ್ದೆಯ ತೆರಿಗೆ ರಸೀದಿ ಮತ್ತು ತಂಡಪೇರ್ ನಂಬ್ರ ಕೇಳಿ, ಅದು ಬಂದ ದಿನವೇ ಡೇಟಾ ಬ್ಯಾಂಕಲ್ಲಿ ಆ ನಂಬ್ರ ಉಂಟಾ ಅಂತ ಕೃಷಿ ಭವನದಲ್ಲೋ ವಿಲ್ಲೇಜ್ ಆಫೀಸಲ್ಲೋ ವಿಚಾರಿಸಿ. ಆಮೇಲೆ ಹಳೆ ಕನ್ನಡ ಆಧಾರದ ಚೆಕ್ಕುಬಂದಿ ಇರುವ ಪುಟ ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, ಮೂಡು ಪಡು ಬಡಗು ತೆಂಕು ಏನು ಬರೆದಿದ್ದಾರೆ ಅಂತ ಓದಿ ಹೇಳ್ತೇನೆ. ಅಳತೆಯ ದಿನ ನೀವೇ ಬನ್ನಿ, ಸುತ್ತಲಿನ ನಾಲ್ಕೂ ಕಡೆಯವರನ್ನು ಕರೆಸಿ, ಅವರ ಎದುರಲ್ಲೇ ಕಲ್ಲು ಹಾಕುವ.